ಏಳನೇ ನಂಬರಿನ ಕಾರ್ನೆಟ್

ಗುರುವಾರ ಹನ್ನೊಂದು ಗಂಟೆಗೆ, ನಮ್ಮ ಬ್ಯಾಂಡಿಗೆ ದುಡ್ಡು ಕೊಟ್ಟ ಪ್ರತಿಷ್ಠಾನದವರು ವಾದ್ಯ ಎಣಿಸಲು ಬರುತ್ತಾರೆ ಎಂಬ ಪತ್ರ ಬಂದದ್ದು ಸೋಮವಾರ. ನಾನು ಹೆದರಿದ್ದು ಮಂಗಳವಾರ. ಸೋಮವಾರ ಮಾತ್ರ ಆ ಪತ್ರವನ್ನು ಚಹಾದ ಡಬ್ಬಿಗೆ ಒರಗಿಸಿಟ್ಟು, ಕಡಲೆಕಾಯಿ ತಿಂದಷ್ಟು ಆರಾಮವಾಗಿ ವರ್ಷದ ಲೆಕ್ಕ ಬರೆಯುತ್ತ ಕೂತಿದ್ದೆ. ಅಂಥ ಪೆದ್ದಿ ನಾನು.

ನಾನು ಲೋರ್ನಾ ಟ್ವೆಡಲ್. ಥಾರ್ನ್‌ಲೋ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಆಲೂಗಡ್ಡೆ ಎಣಿಸಿದ ಕಾರಣಕ್ಕೆ, ನಮ್ಮೂರ ಹಿತ್ತಾಳೆ ಬ್ಯಾಂಡಿನ ಖಜಾಂಚಿ ಕೆಲಸವೂ ನನ್ನ ತಲೆಗೇ ಬಂತು. ಸಂಬಳವಿಲ್ಲ. ಕಲ್ಲಿದ್ದಲ ಗಣಿ ಮುಚ್ಚಿ ನಲವತ್ತು ವರ್ಷವಾದರೂ ಗಣಿಯವರ ಬ್ಯಾಂಡು ಮುಚ್ಚಲಿಲ್ಲ. ಆರು ವರ್ಷದ ಹಿಂದೆ, ಹೊಸ ವಾದ್ಯಕ್ಕೆ ಯಾರಾದರೂ ದುಡ್ಡು ಕೊಡಬೇಕೆಂದರೆ ಕಾಗದದ ಮೇಲೆ ಏನಾದರೂ ಆಗಿರಬೇಕು ಎಂದರು. ಸರಿ, ನಾವು ಸಮುದಾಯ ಹಿತದ ಕಂಪನಿಯಾದೆವು. ಹೆಸರಿಗಷ್ಟೇ ಕಂಪನಿ. ಲಾಭ ಯಾರೂ ಮುಟ್ಟುವಂತಿಲ್ಲ, ಕಂಪನಿಯ ಒಂದು ಕುರ್ಚಿಯನ್ನೂ ಯಾರಿಗೂ ಬಿಟ್ಟಿ ಕೊಡುವಂತಿಲ್ಲ. ಇರುವುದೆಲ್ಲ ಊರಿನದು, ಎಂದೆಂದಿಗೂ ಊರಿನದು. ಕಾನೂನು ಆಸ್ತಿಗೆ ಹಾಕಿದ ಬೀಗ ಅದು.

ವರ್ಷದ ಕೊನೆಗೆ ಸರ್ಕಾರಕ್ಕೆ ಎರಡು ಕಾಗದ ಹೋಗಬೇಕು. ಒಂದು ಜಮಾಖರ್ಚು. ಈ ಸಲ ಬಂದದ್ದು ಒಂಬತ್ತು ಸಾವಿರದ ಎಂಟುನೂರು ಪೌಂಡು: ತೂಕ ಇಳಿಸುವ ಹೆಂಗಸರ ಗುಂಪಿಗೆ ಹಾಲ್ ಬಾಡಿಗೆ ಕೊಟ್ಟದ್ದು, ಅಂಗಡಿಯ ಬಾಗಿಲಲ್ಲಿ ಚಳಿಗೆ ತುಟಿ ಒಡೆಸಿಕೊಂಡು ಕ್ರಿಸ್‌ಮಸ್ ಹಾಡು ನುಡಿಸಿ ಚಿಲ್ಲರೆಗೆ ಬಕೆಟ್ ಹಿಡಿದದ್ದು, ಲಾಟರಿ ಚೀಟಿ ಹರಿದು ಮಾರಿದ್ದು. ಹಾಲ್ ಬೆಚ್ಚಗಿಡಲು ಎಣ್ಣೆ, ವಿಮೆ, ಸೋರುವ ಸೂರು ಎಲ್ಲ ಕಳೆದು ಉಳಿದದ್ದು ಆರುನೂರ ಹನ್ನೊಂದು. ಇನ್ನೊಂದು ಕಾಗದ ಸಮುದಾಯದ ವರದಿ. ಅದರಲ್ಲೊಂದು ಪ್ರಶ್ನೆ: ಈ ವರ್ಷ ಕಂಪನಿಯ ಯಾವುದಾದರೂ ವಸ್ತುವನ್ನು ಪೂರ್ತಿ ಬೆಲೆ ಪಡೆಯದೆ ಯಾರಿಗಾದರೂ ಕೊಟ್ಟಿದ್ದೀರಾ? ಪ್ರತಿವರ್ಷ ‘ಇಲ್ಲ’ ಎಂದು ಬರೆದು ಕೆಳಗೆ ಸಹಿ ಗೀಚಿ, ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋಗುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಪಟ್ಟಿ ಹಿಡಿದು ಬ್ಯಾಂಡ್ ಹಾಲಿಗೆ ಹೋದೆ. ಪ್ರತಿಷ್ಠಾನ ಕೊಟ್ಟ ಹದಿನೈದು ಸಾವಿರದಲ್ಲಿ ಕೊಂಡ ಹನ್ನೆರಡು ಬೆಳ್ಳಿ ಲೇಪದ ವಾದ್ಯಗಳು. ಒಂದೊಂದರಲ್ಲೂ ಬೆರಳಿಂದ ಒತ್ತುವ ಗುಂಡಿಯ ಕೆಳಗಿನ ಕೊಳವೆಯ ಮೇಲೆ ತಯಾರಿಸಿದವರು ಕೊರೆದ ಆರಂಕಿಯ ಸಂಖ್ಯೆ. ಹನ್ನೊಂದನ್ನು ತಾಳೆ ನೋಡಿದೆ, ಸರಿಯಿತ್ತು. ಏಳನೆಯದನ್ನು ಬೇಕೆಂದೇ ಕೊನೆಗೆ ಉಳಿಸಿದ್ದೆ. ಅದು ಎಡ್ವಿನ್ ನುಡಿಸುತ್ತಿದ್ದ ಕಾರ್ನೆಟ್. ಕಾರ್ನೆಟ್ ಎಂದರೆ ತುತ್ತೂರಿಯ ಗಿಡ್ಡ ತಮ್ಮ; ಎಡ್ವಿನ್ ಎಂದರೆ ನನ್ನ ಗಂಡ. ಫೆಬ್ರವರಿಯಲ್ಲಿ ತೀರಿಹೋದ. ಅಂದಿನಿಂದ ಅವನ ಕುರ್ಚಿಯಲ್ಲಿ ಯಾರೂ ಕೂತಿಲ್ಲ, ಆ ಪೆಟ್ಟಿಗೆ ಯಾರೂ ತೆರೆದಿಲ್ಲ.

ತೆರೆದೆ. ಕಾರ್ನೆಟ್ಟಿನ ಅಗಲ ಬಾಯಿಯ ಅಂಚಿನಲ್ಲೊಂದು ತಗ್ಗು ಕಂಡಿತು. ಆ ತಗ್ಗನ್ನು ನಾನು ಬಲ್ಲೆ: ಎಡ್ವಿನ್ ಹುಡುಗನಾಗಿದ್ದಾಗ ಮೆಟ್ಟಿಲ ಮೇಲೆ ಬೀಳಿಸಿ ಬೆನ್ನಿಗೆ ಬೆಲ್ಟಿನೇಟು ತಿಂದ ತಗ್ಗು. ಇದು ಅವರಪ್ಪನ ಕಾರ್ನೆಟ್. ಇದು ಭೂಮಿಯೊಳಗೆ ಇರಬೇಕಾಗಿತ್ತು.

ನಮ್ಮಲ್ಲಿ ಬ್ಯಾಂಡಿನವನು ಸತ್ತರೆ ಅವನು ನುಡಿಸುತ್ತಿದ್ದ ವಾದ್ಯವನ್ನು ಶವಪೆಟ್ಟಿಗೆಯ ಮೇಲಿಟ್ಟು ಮೆರವಣಿಗೆ ಹೋಗುತ್ತೇವೆ. ಗುಂಡಿಗೆ ಇಳಿಸುವ ಮುಂಚೆ ಅಧ್ಯಕ್ಷರು ಅದನ್ನೆತ್ತಿ ವಾಪಸು ತರುತ್ತಾರೆ, ಏಕೆಂದರೆ ಅದು ಬ್ಯಾಂಡಿನದು. ಎಡ್ವಿನ್ ಇನ್ನೂ ಒಂದು ಕೇಳಿದ್ದ: ‘ಅಪ್ಪಂದು ನನ್ ಜೊತೇಲೇ ಇರ್ಲಿ, ಒಳಗೆ.’ ಹಿಂದಿನ ದಿನ ನಾನು ಎರಡನ್ನೂ ಅಡುಗೆಮನೆಯ ಮೇಜಿನ ಮೇಲಿಟ್ಟು ಉಜ್ಜಿದೆ. ಹೊಸದನ್ನು ಉಜ್ಜಿದೆ, ಹಳೆಯದರ ಐವತ್ತು ವರ್ಷದ ಕಪ್ಪನ್ನೂ ಬಿಡದೆ ಉಜ್ಜಿದೆ. ಅಳುತ್ತ ಉಜ್ಜುವವಳಿಗೆ ನಿಲ್ಲಿಸಲು ತಿಳಿಯುವುದಿಲ್ಲ. ಕೊನೆಗೆ ಎರಡೂ ಅವಳಿಗಳಂತೆ ಹೊಳೆಯುತ್ತಿದ್ದವು. ಬೆಳಿಗ್ಗೆ ಶವಸಂಸ್ಕಾರದವರು ಬಂದು ‘ಒಳಗೆ ಯಾವ್ದಮ್ಮ, ಮೇಲೆ ಯಾವ್ದು?’ ಎಂದು ಕೇಳಿದಾಗ ನಾನು ಕೈ ತೋರಿಸಿದೆ.

ತಪ್ಪು ತೋರಿಸಿದ್ದೆ. ಕಂಪನಿಯ ಏಳನೇ ನಂಬರಿನ ಕಾರ್ನೆಟ್ ಹತ್ತು ತಿಂಗಳಿಂದ ನನ್ನ ಗಂಡನ ಕೈಯಲ್ಲಿ, ಆರಡಿ ಮಣ್ಣಿನ ಕೆಳಗಿದೆ.

ಅಲ್ಲೇ ಕುರ್ಚಿಯಲ್ಲಿ ಕುಸಿದು ಪ್ರತಿಷ್ಠಾನದ ಷರತ್ತುಗಳನ್ನು ಮೊದಲ ಸಲ ಅಕ್ಷರ ಬಿಡದೆ ಓದತೊಡಗಿದೆ. ಒಂಬತ್ತನೆಯದರ ಮೊದಲೆರಡು ಸಾಲಿಗೇ ನಿಂತುಬಿಟ್ಟೆ. ಕಾಣೆಯಾದ ವಾದ್ಯ ಎಲ್ಲಿದೆಯೆಂದು ಗೊತ್ತಿದ್ದರೆ ಕಂಪನಿಯು ಅದನ್ನು ಮರಳಿ ತರತಕ್ಕದ್ದು. ತರದಿದ್ದರೆ ಹದಿನೈದು ಸಾವಿರವನ್ನೂ ಹಿಂದಿರುಗಿಸತಕ್ಕದ್ದು.

ಎಲ್ಲಿದೆಯೆಂದು ಗೊತ್ತಿದ್ದರೆ! ಅದು ಎಲ್ಲಿದೆಯೆಂದು ನನಗೆ ಗೊತ್ತಿದ್ದಷ್ಟು ಪ್ರಪಂಚದಲ್ಲಿ ಇನ್ನಾವ ವಾದ್ಯದ ಜಾಗವೂ ಯಾರಿಗೂ ಗೊತ್ತಿರಲಿಕ್ಕಿಲ್ಲ. ಮೂರನೇ ಸಾಲು, ಹಾಥಾರ್ನ್ ಮುಳ್ಳುಗಿಡದ ಬೇಲಿಯ ಪಕ್ಕ, ನಾಲ್ಕನೆಯದು. ನಿಜ ಹೇಳಿದರೆ ಎಡ್ವಿನ್‌ನನ್ನು ಅಗೆಯುತ್ತಾರೆ. ಅಗೆಯಬೇಡಿ ಎಂದರೆ ಹದಿನೈದು ಸಾವಿರ ಕೊಡಬೇಕು, ನಮ್ಮಲ್ಲಿರುವುದು ಆರುನೂರ ಹನ್ನೊಂದು, ಹಾಲ್ ಮಾರಿ ಬ್ಯಾಂಡ್ ಮುಚ್ಚಬೇಕು. ಸುಳ್ಳು ಹೇಳಿದರೆ ಸಹಿ ನನ್ನದು. ಗೊತ್ತಿದ್ದೂ ಸುಳ್ಳು ಬರೆದರೆ ಅಪರಾಧ ಎಂದು ಆ ವರದಿಯ ನಮೂನೆಯ ತಳದಲ್ಲೇ ಅಚ್ಚಾಗಿದೆ.

‘ಏನೇ ಲೋರ್ನಾ, ದೆವ್ವ ನೋಡ್ದೋಳ್ ಹಂಗೆ ಕೂತಿದೀಯಲ್ಲ?’

ಬಾಗಿಲಲ್ಲಿ ಡೋರಿಯನ್ ಪ್ಯಾಲಿಸ್ಟರ್ ನಿಂತಿದ್ದ. ನಮ್ಮ ಅಧ್ಯಕ್ಷ, ಬಸ್ಸಿನ ಟಿಕೆಟ್ ಇನ್ಸ್‌ಪೆಕ್ಟರಾಗಿ ನಿವೃತ್ತ, ಟ್ಯೂಬಾ ಊದಿ ಊದಿ ತಾನೂ ಅದೇ ಆಕಾರಕ್ಕೆ ಬಂದವನು. ಅವನ ಕಣ್ಣು ತೆರೆದ ಪೆಟ್ಟಿಗೆಯ ಮೇಲೆ ಬಿತ್ತು. ಕೆಂಪು ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು.

‘ನಿಂಗೆ ಗೊತ್ತಿತ್ತು,’ ಎಂದೆ.

‘ಶವಪೆಟ್ಟಿಗೆ ಮೇಲಿಂದ ಎತ್ತಿದ ತಕ್ಷಣ ಗೊತ್ತಾಯ್ತು. ತೂಕಾನೇ ಬೇರೆ. ಅಷ್ಟೊತ್ತಿಗೆ ಹಗ್ಗ ಬಿಡ್ತಾ ಇದ್ರು, ಬ್ಯಾಂಡು ಹಾಡು ನುಡಿಸ್ತಿತ್ತು, ನೀನು ಬಿಳುಚ್ಕೊಂಡು ನಿಂತಿದ್ದೆ. ನಿಲ್ಲಿಸ್ರಪ್ಪಾ, ಪೆಟ್ಟಿಗೆ ಮೇಲೆತ್ತಿ, ತುತ್ತೂರಿ ಅದಲುಬದಲಾಗಿದೆ ಅಂತ ಕೂಗ್ಬೇಕಿತ್ತಾ?’

‘ಆಮೇಲಾದ್ರೂ ಹೇಳ್ಬೋದಿತ್ತು!’

‘ಗಂಡನ್ನ ಮಣ್ಣಿಗಿಟ್ಟು ಬಂದೋಳಿಗೆ? ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಮಾರ್ಚಲ್ಲಿ ನೀನು ದಾಸ್ತಾನು ಪಟ್ಟಿ ಕೊಟ್ಟೆ. ಹನ್ನೆರಡೂ ಇವೆ ಅಂತ ಸಹಿ ಹಾಕ್ಬಿಟ್ಟೆ.’ ಅವನು ಕುರ್ಚಿಗೆ ಕುಕ್ಕರಿಸಿದ. ‘ಅಲ್ಲಿಂದ ಬಾಗ್ಲು ಬಡಿದ್ರೆ ಸಾಕು, ಪೊಲೀಸ್ರು ಅನ್ಸುತ್ತೆ ಕಣೇ. ಮೊನ್ನೆ ಹಾಲು ಹಾಕೋ ಹಾಲಿನವನಿಗೆ ಹೆದ್ರಿ ಬಚ್ಚಲಲ್ಲಿ ನಿಂತಿದ್ದೆ.’

ಇನ್ನೊಂದು ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವನು ಕೋಟಿನ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದು ಮೇಜಿನ ಮೇಲಿಟ್ಟ. ಒಂದು ಅರ, ಅಂಕಿ ಹೊಡೆಯುವ ಪುಟ್ಟ ಉಕ್ಕಿನ ಅಚ್ಚುಗಳು.

‘ಹಳೇ ನಂಬರು ಉಜ್ಜಿ ಹೊಸ ನಂಬರು ಹೊಡೆಯೋದು. ಹತ್ತು ನಿಮಿಷದ ಕೆಲ್ಸ. ಎಣ್ಸಕ್ಕೆ ಬರೋಳು ಯಾರೋ ಆಫೀಸಿನ ಹುಡ್ಗಿ, ಅವ್ಳಿಗೇನ್ ಗೊತ್ತು ಕಾರ್ನೆಟ್ ಮುಖ?’

‘ಆಮೇಲೆ ವರದಿಗೆ ಸಹಿ ಹಾಕೋಳು ಯಾರು?’

‘ನೀನು.’

‘ಎಷ್ಟು ಸಲೀಸಾಗಿ ಹೇಳ್ತೀಯಪ್ಪ.’

‘ಹಂಗಾದ್ರೆ ನೀನೇ ಹೇಳು. ಅಗೆಸ್ತೀಯಾ?’

ನಾನು ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ. ಅರವನ್ನು ಅಲ್ಲೇ ಬಿಟ್ಟು ಇಬ್ಬರೂ ಎದ್ದೆವು.

ಬುಧವಾರ ಮನೆಯಲ್ಲಿ ಕೂರಲಾಗದೆ ಸ್ಮಶಾನಕ್ಕೆ ಹೊರಟೆ. ಕ್ಷಮೆ ಕೇಳೋಣವೆಂದೋ ಏನೋ. ಗೇಟು ದಾಟುವಾಗಲೇ ಇಂಜಿನ್ನಿನ ಸದ್ದು ಕೇಳಿಸಿತು. ಹಾಥಾರ್ನ್ ಬೇಲಿಯ ಹತ್ತಿರ ಹಳದಿ ಬಣ್ಣದ ಅಗೆಯುವ ಯಂತ್ರ, ಅದರ ಬಕೆಟ್ಟಿನ ತುಂಬ ಹಸಿಮಣ್ಣು. ಆಗಲೇ ಶುರುಮಾಡಿಬಿಟ್ಟರು, ಡೋರಿಯನ್ ಹೆದರಿ ಬಾಯಿಬಿಟ್ಟಿದ್ದಾನೆ, ಅವರು ಕಾಗದ ತಂದಿದ್ದಾರೆ, ಇನ್ನೇನು ಮರದ ಹಲಗೆಗೆ ಕಬ್ಬಿಣ ತಾಗುತ್ತದೆ. ಅರವತ್ತೆರಡು ವರ್ಷದ ಮಂಡಿಗಳನ್ನೂ ಮರೆತು, ಸಮಾಧಿಗಳ ನಡುವೆ ‘ನಿಲ್ಸೋ! ಮುಟ್ಬೇಡ ಅವ್ನನ್ನ!’ ಎಂದು ಕಿರುಚುತ್ತ ಓಡಿದೆ. ಒಂದು ಷೂ ಹುಲ್ಲಿನಲ್ಲೇ ಉಳಿಯಿತು.

ಯಂತ್ರದವನು ಕಿವಿಯ ಮುಚ್ಚಳ ತೆಗೆದು ನನ್ನನ್ನೇ ನೋಡಿದ. ‘ಯಾರನ್ನಮ್ಮ? ಇದು ಹೊಸ ಗುಂಡಿ. ಶುಕ್ರವಾರ ಒಬ್ರು ಬರ್ತಿದಾರೆ.’

ಎಡ್ವಿನ್ ಅದರ ಪಕ್ಕದ ಸಾಲಿನಲ್ಲಿದ್ದ. ಅವನ ಹುಲ್ಲು ಹಾಗೆಯೇ ಇತ್ತು, ತಲೆಯ ಬಳಿ ಪುರಸಭೆಯ ನಂಬರಿನ ಮರದ ಗೂಟ. ನಾನು ಆ ಒದ್ದೆ ಹುಲ್ಲಿನ ಮೇಲೆ, ಒಂದು ಕಾಲಲ್ಲಿ ಷೂ ಇಲ್ಲದೆ, ಕೂತುಬಿಟ್ಟೆ. ಆ ಮನುಷ್ಯ ಏನೂ ಕೇಳದೆ ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಅರ್ಧ ಚಹಾ ಲಂಗಕ್ಕೇ ಆಯಿತು. ಅಲ್ಲಿ ಒಂದು ಮಾತ್ರ ನಿಶ್ಚಯವಾಯಿತು: ಬ್ಯಾಂಡ್ ಹೋದರೂ ಹೋಗಲಿ, ನನ್ನನ್ನು ಜೈಲಿಗೆ ಹಾಕಿದರೂ ಹಾಕಲಿ, ಈ ಹುಲ್ಲಿಗೆ ಕಬ್ಬಿಣ ತಾಗಿಸುವುದಿಲ್ಲ. ಹಾಗಾದರೆ ಸುಳ್ಳೇ ಗತಿ. ಹಿಂದಿರುಗುವಾಗ ಬ್ಯಾಂಡ್ ಹಾಲ್‌ಗೆ ಹೋಗಿ ಡೋರಿಯನ್‌ಗೆ ಹೇಳಿದೆ, ‘ಹೊಡಿ ನಂಬರು.’

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಇಮೊಜೆನ್ ಸೋವರ್ಬಿ ಬಂದಳು. ಮೂವತ್ತರ ಆಸುಪಾಸು, ಮೊಣಕಾಲಿನವರೆಗೆ ಮಳೆಬೂಟು, ಬಹಳ ಸಭ್ಯೆ. ನನಗೆ ಸಭ್ಯರೆಂದರೆ ಇನ್ನೂ ಹೆಚ್ಚು ಭಯ. ಹ್ಯಾಮ್ ಮತ್ತು ಬಟಾಣಿ ಗೊಜ್ಜು ಹಾಕಿದ ರೊಟ್ಟಿ ಮುಂದಿಟ್ಟೆ. ‘ಎಣಿಕೆ ಮುಗೀಲಿ, ಆಮೇಲೆ ತಿಂತೀನಿ,’ ಎಂದಳು. ಹನ್ನೆರಡು ಪೆಟ್ಟಿಗೆಗಳು ಮೇಜಿನ ಮೇಲೆ ಸಾಲಾಗಿದ್ದವು. ಜೇಬಿನಿಂದ ಪುಟ್ಟ ಟಾರ್ಚು ತೆಗೆದು ಒಂದೊಂದರ ಸಂಖ್ಯೆ ಓದತೊಡಗಿದಳು.

‘ನೀವೂ ನುಡಿಸ್ತೀರಾ?’ ಡೋರಿಯನ್ ಕೇಳಿದ.

‘ಹದಿನಾಲ್ಕು ವರ್ಷ. ಕಾರ್ನೆಟ್ಟೇ.’

ಡೋರಿಯನ್ ನನ್ನತ್ತ ನೋಡಿದ. ನಾನು ಅವನತ್ತ ನೋಡಲಿಲ್ಲ.

ಒಂದು, ಎರಡು, ಮೂರು. ಒಂದೊಂದಕ್ಕೂ ಪಟ್ಟಿಯಲ್ಲಿ ಒಂದು ಟಿಕ್. ಆರನೆಯದು ಮುಚ್ಚಿದಳು. ಏಳರ ಮುಚ್ಚಳ ತೆರೆದಳು. ಕಾರ್ನೆಟ್ ಎತ್ತಿ ಟಾರ್ಚು ಹಿಡಿದು ಸಂಖ್ಯೆ ಓದಿದಳು. ಡೋರಿಯನ್ ಚೆನ್ನಾಗಿಯೇ ಹೊಡೆದಿದ್ದ. ಅವಳು ಪಟ್ಟಿ ನೋಡಿದಳು, ಮತ್ತೆ ವಾದ್ಯ ನೋಡಿದಳು, ಬಾಯಿಯ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಟಿಕ್ ಹಾಕಿದಳು.

ಟಿಕ್ ಹಾಕಿದಳು! ನಾವು ಪಾರಾಗಿದ್ದೆವು. ಡೋರಿಯನ್ ಬಿಟ್ಟ ಉಸಿರು ಹಾಲ್‌ನ ಆ ತುದಿಗೂ ಕೇಳಿಸಿರಬೇಕು. ನಾನು ಮಾತ್ರ ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ಕಾರ್ನೆಟ್ಟನ್ನು ಪೆಟ್ಟಿಗೆಯಲ್ಲಿಡುವಾಗ ಕಂಡಿತು: ಅರ ಉಜ್ಜಿದ ಜಾಗದಲ್ಲಿ ಬೆಳ್ಳಿ ಹೋಗಿ ಹಿತ್ತಾಳೆ ಹಳದಿಯಾಗಿ ಇಣುಕುತ್ತಿತ್ತು. ಎಡ್ವಿನ್‌ನ ಅಪ್ಪ ಗಣಿಯಲ್ಲಿ ಸವೆದು ಕೊಂಡಿದ್ದು. ಅದನ್ನು ನಾವು ಕದ್ದ ಮಾಲಿನಂತೆ ಉಜ್ಜಿದ್ದೆವು. ಈ ವರ್ಷದ ಸಹಿ ಹಾಕಿದರೆ ಮುಂದಿನ ವರ್ಷವೂ ಹಾಕಬೇಕು, ಅದರ ಮುಂದಿನ ವರ್ಷವೂ. ಪ್ರತಿ ಡಿಸೆಂಬರಿಗೂ ಇದೇ ಹೆದರಿಕೆ. ನಾನೂ ಹಾಲಿನವನಿಗೆ ಹೆದರಿ ಬಚ್ಚಲಲ್ಲಿ ನಿಲ್ಲಬೇಕು.

‘ಅದು ಏಳು ಅಲ್ಲ,’ ಎಂದೆ.

‘ಲೋರ್ನಾ!’ ಎಂದ ಡೋರಿಯನ್.

‘ನನಗೆ ಗೊತ್ತು,’ ಎಂದಳು ಇಮೊಜೆನ್, ಪೆನ್ನು ಕೆಳಗಿಟ್ಟು. ‘ಈ ಮಾದರಿ ಮಾಡೋದನ್ನ ನಿಲ್ಲಿಸಿ ನಲ್ವತ್ತು ವರ್ಷ ಆಯ್ತು. ಹೇಳ್ತೀರೋ ಇಲ್ವೋ ನೋಡೋಣ ಅಂತಿದ್ದೆ. ಏಳು ಎಲ್ಲಿದೆ?’

ಹೇಳಿದೆ. ಉಜ್ಜಿದ್ದು, ಕೈ ತೋರಿಸಿದ್ದು, ಅರ, ಎಲ್ಲ. ಅಗೆಯುವ ಮಾತು ಬಂದಾಗ ಎದ್ದು ನಿಂತೆ. ‘ಹಾಲ್ ತಗೊಳ್ಳಿ, ನನ್ ಮನೆ ತಗೊಳ್ಳಿ. ಅವ್ನನ್ನ ಮಾತ್ರ ಎಬ್ಬಿಸ್ಬೇಡಿ. ಕೈ ಮುಗೀತೀನಿ ತಾಯಿ.’

‘ಸಹಿ ಹಾಕಿದ್ದು ನಾನು,’ ಎಂದ ಡೋರಿಯನ್ ಇದ್ದಕ್ಕಿದ್ದಂತೆ ಎದ್ದು. ‘ಅರ ಹಿಡಿದಿದ್ದೂ ನಾನೇ. ಬರಕೊಳ್ಳಿ. ಪ್ಯಾಲಿಸ್ಟರ್, ಕೊನೇಲಿ ಒಂದೇ ಆರ್.’

ಅವಳು ನಗಲಿಲ್ಲ. ಷರತ್ತಿನ ಹಾಳೆ ತಿರುವಿ ಒಂಬತ್ತನೆಯದರ ಕೆಳಗೆ ಬೆರಳಿಟ್ಟಳು. ಅಲ್ಲಿ ಇನ್ನೊಂದು ಸಾಲಿತ್ತು. ಮಂಗಳವಾರ ನನ್ನ ಕಣ್ಣು ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಪ್ರತಿಷ್ಠಾನ ಒಪ್ಪಿದರೆ ಕಂಪನಿಯು ವಾದ್ಯವನ್ನು ಯಾರಿಗಾದರೂ ಪೂರ್ತಿ ಬೆಲೆಗೆ ಮಾರಬಹುದು. ‘ಕೇಳಿ ನೋಡ್ತೀನಿ. ಒಪ್ತಾರೆ ಅಂತ ಮಾತು ಕೊಡಲ್ಲ,’ ಎಂದು ಫೋನು ಹಿಡಿದು ಹೊರಗೆ ಹೋದಳು.

ಆ ಇಪ್ಪತ್ತೈದು ನಿಮಿಷ ನಾನು ಬದುಕಿದ್ದೆನೆಂದು ಹೇಳಲಾರೆ. ಕಿಟಕಿಯಾಚೆ ಅವಳು ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಒಮ್ಮೆ ತಲೆ ಅಲ್ಲಾಡಿಸಿದಳು. ಒಮ್ಮೆ ಸುಮ್ಮನೆ ನಿಂತು ಬಹಳ ಹೊತ್ತು ಕೇಳಿಸಿಕೊಂಡಳು. ಡೋರಿಯನ್ ನನ್ನ ಕೈ ಹಿಡಿದುಕೊಂಡಿದ್ದ. ನಲವತ್ತು ವರ್ಷದ ಪರಿಚಯದಲ್ಲಿ ಅದೇ ಮೊದಲು.

ಅವಳು ಒಳಗೆ ಬಂದಳು. ‘ಸಾವಿರದೈನೂರೈವತ್ತು ಪೌಂಡು. ಪೂರ್ತಿ, ಇವತ್ತೇ, ಕಂತಿಲ್ಲ. ವರದೀಲಿ ಎಲ್ಲಾ ನಿಜ ಬರೀಬೇಕು. ಅರದ ವಿಷ್ಯ ನಾನು ನನ್ ವರದೀಲಿ ಬರೀಲೇಬೇಕು. ನಿಮಗೊಂದು ಕಟುವಾದ ಪತ್ರ ಬರುತ್ತೆ. ಅಗೆಯೋದು ಬೇಡ.’

ಅಗೆಯೋದು ಬೇಡ. ನನಗೆ ಆ ಕೊನೆಯ ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ದುಡ್ಡಿನ ಮಾತು ಆಮೇಲೆ ನಿಧಾನವಾಗಿ ತಲೆಗೆ ಇಳಿಯಿತು.

‘ಬ್ಯಾಂಡಿನವ್ರ ಮುಂದೆ ಟೋಪಿ ಹಿಡ್ದು ಚಂದಾ ಎತ್ತೋಣ ಬಿಡು,’ ಎಂದ ಡೋರಿಯನ್.

‘ಬ್ಯಾಂಡಿಗೆ ಸಲ್ಲಬೇಕಾದ ದುಡ್ಡು ಬ್ಯಾಂಡಿನವ್ರ ಜೇಬಿಂದಾನೇ? ಸುಮ್ನಿರು.’

ನನ್ನ ಬಳಿ ಅಷ್ಟು ದುಡ್ಡಿತ್ತು. ಸಮಾಧಿಯ ಮಣ್ಣು ಇಳಿದು ಗಟ್ಟಿಯಾಗಲು ನಮ್ಮಲ್ಲಿ ಒಂದು ವರ್ಷ ಕಾಯುತ್ತಾರೆ, ಆಮೇಲೆಯೇ ಕಲ್ಲು ನಿಲ್ಲಿಸುವುದು. ಎಡ್ವಿನ್‌ನ ಕಲ್ಲಿಗೆಂದು ಸಾವಿರದಾರುನೂರು ಪೌಂಡು ಕೂಡಿಟ್ಟಿದ್ದೆ. ಬೂದುಬಣ್ಣದ ಕಲ್ಲು, ಹೆಸರು, ಕೆಳಗೊಂದು ಕಾರ್ನೆಟ್ ಕೆತ್ತನೆ. ಕಲ್ಲಿನವನು ಚಿತ್ರ ಕೂಡ ಬರೆದು ಕೊಟ್ಟಿದ್ದ. ಚೆಕ್ ಪುಸ್ತಕ ತೆಗೆದು ಬರೆದೆ. ಉಳಿದದ್ದು ಐವತ್ತು ಪೌಂಡು. ಬರೆಯುವಾಗ ಅತ್ತೆ. ಅದು ಹೆದರಿಕೆಯ ಅಳುವೋ, ಹೆದರಿಕೆ ಹೋದ ಅಳುವೋ, ಕಲ್ಲು ಹೋಯಿತೆಂಬ ಅಳುವೋ, ಕೇಳಿದರೆ ಹೇಳಲಾರೆ.

‘ರಸೀದಿ ಎಡ್ವಿನ್ ಹೆಸರಿಗೆ ಮಾಡು,’ ಎಂದೆ ಡೋರಿಯನ್‌ಗೆ.

‘ತೀರ್ಕೊಂಡೋರು ಏನನ್ನೂ ಕೊಳ್ಳೋಕಾಗಲ್ಲ, ಮಿಸೆಸ್ ಟ್ವೆಡಲ್,’ ಎಂದಳು ಇಮೊಜೆನ್. ಆ ಮಾತನ್ನು ಆದಷ್ಟು ಮೆತ್ತಗೆ ಹೇಳಿದಳು. ಆಮೇಲೆ ಕೂತು ಎರಡು ರೊಟ್ಟಿ ತಿಂದಳು.

ಸಂಜೆಗೆ ಮುಂಚೆಯೇ ಮನೆಗೆ ಬಂದು ವರದಿ ತೆರೆದೆ. ಆ ಪ್ರಶ್ನೆಯ ಎದುರು ಮೊದಲ ಬಾರಿಗೆ ‘ಹೌದು’ ಎಂದು ಬರೆದೆ, ಕೆಳಗೆ ನಡೆದದ್ದನ್ನೆಲ್ಲ ಬರೆದೆ, ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದೆ. ಸಹಿ ಹಾಕಿದೆ. ಕಟುವಾದ ಪತ್ರ ಬರುವುದಿದೆ, ಸರ್ಕಾರದವರು ಏನು ಹೇಳುತ್ತಾರೋ ಗೊತ್ತಿಲ್ಲ. ಬಾಗಿಲು ಬಡಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಆಗ ರಸೀದಿಯನ್ನು ಇನ್ನೊಮ್ಮೆ ಓದುತ್ತೇನೆ. ಕಾರ್ನೆಟ್ ಒಂದು, ನಂಬರು ಏಳು, ಪೂರ್ತಿ ಬೆಲೆ ಸಂದಿದೆ, ಮಾಲೀಕರು ಲೋರ್ನಾ ಟ್ವೆಡಲ್. ಎಡ್ವಿನ್ ಅಲ್ಲಿ ಹಿಡಿದುಕೊಂಡು ಮಲಗಿರುವುದು ಈಗ ನನ್ನ ಕಾರ್ನೆಟ್. ಅದನ್ನು ಅವನ ಕೈಯಿಂದ ಬಿಡಿಸುವ ಹಕ್ಕು ಈ ಭೂಮಿಯ ಮೇಲೆ ಒಬ್ಬಳಿಗೇ ಇದೆ, ಅವಳು ಬಿಡಿಸುವುದಿಲ್ಲ.